ಟ್ರಾಮ್ ಹೋಯಿತು, ಟಿ.ಟಿ. ಉಳಿಯಿತು

(ಮಹಾನಗರಗಳ ಬಡಾವಣೆ ಮತ್ತು ಸಾರಿಗೆ ಕುರಿತು ನಮ್ಮ ವರದಿಗಾರರು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಮುಂಬಯಿಯಲ್ಲಿ ‘ದಾದರ್ ಟಿ.ಟಿ.’ ಎಂದರೆ ಟ್ಯಾಕ್ಸಿಯವನು ಎರಡನೆಯ ಮಾತು ಕೇಳುವುದಿಲ್ಲ. ದಾದರ್ ಪೂರ್ವದ ಆ ದೊಡ್ಡ ವೃತ್ತಕ್ಕೆ ಖೋದಾದಾದ್ ಸರ್ಕಲ್ ಎಂಬ ಬೇರೆ ಹೆಸರೂ ಇದೆ. ಅದು ನಕಾಶೆಯಲ್ಲಿ ಇರುವಷ್ಟು ಜನರ ಬಾಯಲ್ಲಿ ಇಲ್ಲ. ಆದರೆ ಟಿ.ಟಿ. ಎಂದರೆ ಏನೆಂದು ವಿಚಾರಿಸಿ ನೋಡಿ, ಹಲವರು ತಡವರಿಸುತ್ತಾರೆ. ರೈಲಿನಲ್ಲಿ ಟಿಕೆಟ್ ಕೇಳುವ ಟಿ.ಟಿ.ಗೂ ಇದಕ್ಕೂ ಸಂಬಂಧವಿಲ್ಲ. ಇದು ಟ್ರಾಮ್ ಟರ್ಮಿನಸ್. ಟ್ರಾಮ್ ಗಾಡಿ ಬಂದು ನಿಂತು ಹಿಂದಿರುಗುತ್ತಿದ್ದ ಜಾಗ. ಬೋರಿಬಂದರಿನಿಂದ ಹೊರಟ ಕೊನೆಯ ಟ್ರಾಮ್ ಅಲ್ಲಿಗೆ ಬಂದದ್ದು 1964ರ ಮಾರ್ಚ್ 31ರ ರಾತ್ರಿ. ಗಾಡಿ ಹೋಯಿತು, ಹಳಿ ಡಾಂಬರಿನಡಿ ಸೇರಿತು, ಅರವತ್ತು ವರ್ಷ ದಾಟಿತು. ಹೆಸರು ಮಾತ್ರ ಹೋಗಲಿಲ್ಲ. ಅದರ ದಕ್ಷಿಣಕ್ಕೆ ಪರೇಲ್ ಟಿ.ಟಿ. ಎಂಬ ಇನ್ನೊಂದೂ ಇದೆ.

ಈ ದಿನ ನಾನು ಹೇಳಹೊರಟಿರುವುದು ಈ ಟಿ.ಟಿ.ಯ ಕಥೆ. ದಕ್ಷಿಣದ ಕೊಲಾಬಾದಿಂದ ದಾದರಿನವರೆಗೆ ಹಳೆಯ ಟ್ರಾಮ್ ದಾರಿಯನ್ನು ಹಿಡಿದು ನಡೆದರೆ ಸುಮಾರು ಹತ್ತು ಕಿಲೋಮೀಟರಿನ ಹಾದಿ. ಗಟ್ಟಿಗರು ಒಂದೇ ಬೆಳಿಗ್ಗೆ ಮುಗಿಸಬಹುದು. ನಿಂತು ನೋಡುವ ಸ್ವಭಾವದವರಿಗೆ ಎರಡು ದಿನ ಬೇಕು. ಮುಂಬಯಿ ನಮಗೆ ಪರಊರೇನೂ ಅಲ್ಲ. ಕರಾವಳಿಯ, ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಅದು ಮಾವನೋ ಚಿಕ್ಕಪ್ಪನೋ ದುಡಿದ ಊರು. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಇವರನ್ನು ಓದಿದವರಿಗೆ ಅಲ್ಲಿನ ಗಲ್ಲಿಗಳ ಹೆಸರು ಮೊದಲೇ ಪರಿಚಿತ. ಹಾಗಿದ್ದೂ ಆ ಗಲ್ಲಿಗಳು ಅಲ್ಲೇ ಏಕೆ ಹುಟ್ಟಿದವು, ಅಲ್ಲಿ ಅಂಥ ಜನರೇ ಏಕೆ ನೆಲೆಸಿದರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಉತ್ತರದ ದೊಡ್ಡ ಪಾಲು ಅಲ್ಲಿ ಓಡಿದ ಗಾಡಿಗಳಲ್ಲಿದೆ ಎಂಬುದು ನನ್ನ ನಂಬಿಕೆ. ಸಾರಿಗೆಯ ಚರಿತ್ರೆ ಎಂದರೆ ಇಂಜಿನು, ಗೇಜು, ಉದ್ಘಾಟನೆಯ ತಾರೀಖು ಇಷ್ಟೇ ಅಲ್ಲ. ಯಾರು ಯಾರ ಓಣಿಯನ್ನು ದಿನವೂ ಹಾದು ಹೋಗುತ್ತಿದ್ದರು ಎಂಬುದೂ ಅದರಲ್ಲಿ ಸೇರಬೇಕು.

ಬೆಂಗಳೂರು ಟ್ರಾಮ್ ಕಂಡ ಊರಲ್ಲ. ಹಾಗಾಗಿ ಒಂದು ಮಾತು. ಟ್ರಾಮ್ ಎಂದರೆ ರಸ್ತೆಯ ಮಟ್ಟಕ್ಕೇ ಹೂತ ಹಳಿಯ ಮೇಲೆ, ಜನ, ಎತ್ತಿನಗಾಡಿ, ಸೈಕಲ್ಲುಗಳ ನಡುವೆಯೇ ಓಡುವ ಗಾಡಿ. ಅದಕ್ಕೆ ರೈಲಿನ ಹಾಗೆ ಬೇಲಿಯಿಲ್ಲ. ಬಸ್ಸಿನ ಹಾಗೆ ಪಕ್ಕಕ್ಕೆ ಸರಿಯುವ ಸ್ವಾತಂತ್ರ್ಯವೂ ಇಲ್ಲ. ನನ್ನ ವಯಸ್ಸಿನವರು ಮುಂಬಯಿಯ ಟ್ರಾಮನ್ನು ಕಂಡಿರುವುದು ಹಳೆಯ ಹಿಂದಿ ಚಿತ್ರಗಳಲ್ಲಿ ಮಾತ್ರ. 1956ರ ‘ಸಿ.ಐ.ಡಿ.’ ಚಿತ್ರದ ಆ ಪ್ರಸಿದ್ಧ ಹಾಡಿನಲ್ಲಿ ನಗರದ ಗುರುತುಗಳೆಂದು ಬರುವವುಗಳಲ್ಲಿ ಟ್ರಾಮ್ ಒಂದು, ಮಿಲ್ಲು ಇನ್ನೊಂದು. ಮುಂಬಯಿ ಈಗ ಎರಡನ್ನೂ ಬಿಟ್ಟು ಬದುಕುತ್ತಿದೆ.

ಕೊಲಾಬಾದಿಂದ ಹೊರಡೋಣ. ಇಲ್ಲಿನ ಮುಖ್ಯ ಬೀದಿಯನ್ನು ಜನ ಇಂದಿಗೂ ಕಾಸ್‌ವೇ ಎನ್ನುತ್ತಾರೆ. ಕಾಸ್‌ವೇ ಎಂದರೆ ನೀರಿನ ಮೇಲೆ ಕಟ್ಟಿದ ಏರಿ. 1838ರಲ್ಲಿ ಆ ಏರಿ ಆಗುವವರೆಗೆ ಕೊಲಾಬಾ ಒಂದು ದ್ವೀಪ. ಬಟ್ಟೆ, ಚಪ್ಪಲಿ, ಕನ್ನಡಕ ಮಾರುವವರ ನಡುವೆ ನುಸುಳಿಕೊಂಡು ಹೋಗುವಾಗ ಕಾಲ ಕೆಳಗೆ ಒಂದು ಕಾಲಕ್ಕೆ ಸಮುದ್ರವಿತ್ತೆಂಬುದು ನೆನಪಾಗುವುದು ಕಷ್ಟ. ಏರಿಯಾದ ಮೇಲೆ ಕೊಲಾಬಾಕ್ಕೆ ಜನ ಬಂದರು, ಹತ್ತಿ ಬಂತು, ಕೊನೆಗೆ ಟ್ರಾಮ್ ಬಂತು.

1874ರ ಮೇ 9ರಂದು ಮುಂಬಯಿಯಲ್ಲಿ ಮೊದಲ ಟ್ರಾಮ್ ಓಡಿತು. ಎಳೆಯುತ್ತಿದ್ದುದು ಕುದುರೆಗಳು. ಆರಂಭದಲ್ಲಿ ಎರಡೇ ದಾರಿ. ಒಂದು ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೂಲಕ ಪಾಯಧುನಿಗೆ. ಇನ್ನೊಂದು ಬೋರಿಬಂದರಿನಿಂದ ಕಾಲಬಾದೇವಿಯ ಮೂಲಕ ಅದೇ ಪಾಯಧುನಿಗೆ. ಕೊಲಾಬಾದಿಂದ ಪಾಯಧುನಿಗೆ ಮೂರು ಆಣೆ ದರ. ಸ್ವಾರಸ್ಯವೆಂದರೆ ಮೊದಮೊದಲು ಟಿಕೆಟ್ ಎಂಬುದೇ ಇರಲಿಲ್ಲ. ಜನ ಹೆಚ್ಚಿದಂತೆ ದರವನ್ನು ಎರಡಾಣೆಗೆ ಇಳಿಸಿದರು. ಕಾಸು ಕೊಡದೆ ಇಳಿದುಹೋಗುವವರೂ ಹೆಚ್ಚಿದ್ದರಿಂದ ಅದೇ ವರ್ಷ ಟಿಕೆಟ್ ಜಾರಿಗೆ ಬಂತು. ನಂಬಿಕೆಯ ಮೇಲೆ ನಡೆದ ಸಾರಿಗೆಗೆ ಒಂದು ವರ್ಷದ ಆಯುಸ್ಸೂ ಸಿಗಲಿಲ್ಲ ಎನ್ನಿ.

ಕುದುರೆಗಳ ಕಾಲ ಮೂರು ದಶಕ ನಡೆಯಿತು. 1905ರಲ್ಲಿ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್ ಎಂಬ ಕಂಪನಿ ಟ್ರಾಮನ್ನು ವಹಿಸಿಕೊಂಡಿತು. ಹೆಸರನ್ನು ಗಮನಿಸಿ: ವಿದ್ಯುತ್ತು ಮತ್ತು ಟ್ರಾಮ್ ಒಂದೇ ಕೈಯಲ್ಲಿ. ಮನೆಗೆ ದೀಪ ಕೊಡುವವರೇ ಬೀದಿಯಲ್ಲಿ ಗಾಡಿ ಓಡಿಸುವವರು. 1907ರ ಮೇ 7ರಂದು ವಿದ್ಯುತ್ ಟ್ರಾಮ್ ಹೊರಟಿತು. 1920ರಲ್ಲಿ ಎರಡಂತಸ್ತಿನ ಟ್ರಾಮ್, 1926ರ ಜುಲೈ 15ರಂದು ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಬಸ್ಸು, 1937ರಲ್ಲಿ ಎರಡಂತಸ್ತಿನ ಬಸ್ಸು. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಒಂದು ವಾರ ಮೊದಲು, ಇಡೀ ಸಂಸ್ಥೆ ನಗರಪಾಲಿಕೆಯ ವಶಕ್ಕೆ ಬಂತು. ಇಂದು ಮುಂಬಯಿಯ ಕೆಂಪು ಬಸ್ಸುಗಳ ಮೇಲೆ ಕಾಣುವ ‘ಬೆಸ್ಟ್’ ಎಂಬ ಹೆಸರು ಆ ಹಳೆಯ ಕಂಪನಿಯ ಬಳುವಳಿ. ಅದರ ‘ಟಿ’ ಅಕ್ಷರ ಟ್ರಾಮಿನದು. ಈಗ ಅದನ್ನು ‘ಟ್ರಾನ್ಸ್‌ಪೋರ್ಟ್’ ಎಂದು ಬಿಡಿಸಿ ಹೇಳುತ್ತಾರೆ.

ಮ್ಯೂಸಿಯಮ್ ದಾಟಿ, ಕಾಲಾ ಘೋಡಾ ದಾಟಿ ಫ್ಲೋರಾ ಫೌಂಟನ್ನಿಗೆ ಬಂದರೆ ಮತ್ತೊಂದು ಹೆಸರಿನ ಚಮತ್ಕಾರ. ಹತ್ತಿರದ ರೈಲು ನಿಲ್ದಾಣ ಚರ್ಚ್‌ಗೇಟ್. ಚರ್ಚೂ ಅಲ್ಲಿಲ್ಲ, ಗೇಟೂ ಇಲ್ಲ. ಹಳೆಯ ಕೋಟೆಗೆ ಸಂತ ಥಾಮಸ್ ಚರ್ಚಿನ ಕಡೆಗೆ ತೆರೆಯುವ ಬಾಗಿಲೊಂದು ಇತ್ತು. ಅದು ಇದ್ದ ಜಾಗದ ಆಸುಪಾಸಿನಲ್ಲೇ 1864ರಲ್ಲಿ ಈ ಕಾರಂಜಿ ಎದ್ದಿತು. ಆಗ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗದೆ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಗವರ್ನರ್ ಬಾರ್ಟಲ್ ಫ್ರೇರ್ ಕೋಟೆಯ ಗೋಡೆಗಳನ್ನು ಕೆಡವಿಸಿದ. ಗೋಡೆ ಬಿದ್ದು ಊರು ಒಳಗೆ–ಹೊರಗೆ ಎಂಬ ಭೇದ ಕಳೆದುಕೊಂಡ ಹತ್ತೇ ವರ್ಷಕ್ಕೆ ಟ್ರಾಮ್ ಬಂದುದು ಆಕಸ್ಮಿಕವಲ್ಲ. ಕೋಟೆಯೊಳಗಿನ ಕಚೇರಿಗಳನ್ನೂ ಹೊರಗಿನ ಜನವಸತಿಯನ್ನೂ ಹೊಲಿದು ಜೋಡಿಸಲು ಒಂದು ದಾರ ಬೇಕಿತ್ತು. 2017ರಲ್ಲಿ ಈ ಕಾರಂಜಿಯ ದುರಸ್ತಿ ನಡೆದಾಗ ನೆಲ ಅಗೆದವರಿಗೆ ಕಲ್ಲುಹಾಸಿನ ನಡುವೆ ಟ್ರಾಮ್ ಹಳಿ ಸಿಕ್ಕಿತು. ತೆಗೆದು ಬಿಸುಟರೆಂದು ಎಲ್ಲರೂ ಭಾವಿಸಿದ್ದ ಹಳಿ ಅಲ್ಲೇ ಡಾಂಬರು ಹೊದ್ದು ಮಲಗಿತ್ತು.

ಬೋರಿಬಂದರಿನ ಭವ್ಯ ನಿಲ್ದಾಣದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ವಿ.ಟಿ. ಎಂದು ಹೆಸರಾಗಿದ್ದ, 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರು ಪಡೆದ, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಟ್ಟಡದ ಬಗ್ಗೆ ಬರೆಯದವರಿಲ್ಲ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕ ರೈಲು ಠಾಣೆಗೆ ಹೊರಟದ್ದು ಇಲ್ಲಿಂದಲೇ, ಆದರೆ ಆಗ ಈ ಕಟ್ಟಡ ಇರಲಿಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೆ: ರೈಲು ಜನರನ್ನು ಊರಿನಿಂದ ಹೊರಕ್ಕೆ ಒಯ್ದಿತು, ಟ್ರಾಮ್ ಊರಿನ ಒಳಗನ್ನು ಕಟ್ಟಿತು. ರೈಲು ಬಡಾವಣೆಗಳ ಬೆನ್ನಿನ ಹಿಂದೆ ಹೋಗುತ್ತದೆ. ಟ್ರಾಮ್ ಮನೆಬಾಗಿಲ ಮುಂದೆ ಹೋಗುತ್ತಿತ್ತು.

ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲಿನ ಕಲ್ಲಿನ ಕೆತ್ತನೆಯನ್ನು ತಲೆಯೆತ್ತಿ ನೋಡಿ ಮುಂದೆ ಹೋಗಿ. ಅದರ ವಿನ್ಯಾಸ ಮಾಡಿದವರು ಲಾಕ್‌ವುಡ್ ಕಿಪ್ಲಿಂಗ್, ಲೇಖಕ ರಡ್ಯಾರ್ಡ್ ಕಿಪ್ಲಿಂಗನ ತಂದೆ. ಈ ಮಾರುಕಟ್ಟೆಯನ್ನು ದಾಟಿದ ಕೂಡಲೇ ನಿಮ್ಮ ತಲೆಯ ಮೇಲೆ ಒಂದು ಸೇತುವೆ ಶುರುವಾಗುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಕೆಳಗಿನ ರಸ್ತೆ ಮೊಹಮ್ಮದ್ ಅಲಿ ರಸ್ತೆ. ಅದು ಹುಟ್ಟಿದ್ದರ ಹಿಂದೆ ಒಂದು ಸಾವಿನ ಕಥೆಯಿದೆ. 1896ರಲ್ಲಿ ಇಲ್ಲಿಗೆ ಸಮೀಪದ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಗುರುತಿಸಿದವರು ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಓಣಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟರು, ವ್ಯಾಪಾರ ನಿಂತಿತು. ಎರಡು ವರ್ಷಗಳ ತರುವಾಯ, 1898ರಲ್ಲಿ, ಸರ್ಕಾರ ನಗರ ಸುಧಾರಣಾ ಟ್ರಸ್ಟ್ ಒಂದನ್ನು ರಚಿಸಿತು. ಅದರ ಕೆಲಸ ಎರಡು: ಹಳೆಯ ಊರನ್ನು ಸೀಳಿ ಸಮುದ್ರದ ಗಾಳಿ ಬರುವಂಥ ಅಗಲ ರಸ್ತೆಗಳನ್ನು ಮಾಡುವುದು, ಉತ್ತರದ ಖಾಲಿ ಜಾಗದಲ್ಲಿ ಹೊಸ ಬಡಾವಣೆ ಎಬ್ಬಿಸುವುದು. ಮೊಹಮ್ಮದ್ ಅಲಿ ರಸ್ತೆ, ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆ ಮೊದಲನೆಯ ಕೆಲಸದ ಫಲ. ಎರಡನೆಯದರ ಫಲ ದಾದರ್, ಮಾಟುಂಗಾ. ಅವುಗಳ ಬಳಿಗೆ ಆಮೇಲೆ ಬರುತ್ತೇನೆ.

ಪಾಯಧುನಿ ಎಂದರೆ ಕಾಲು ತೊಳೆಯುವ ಜಾಗ. ದ್ವೀಪಗಳ ನಡುವೆ ಉಬ್ಬರದ ನೀರು ನುಗ್ಗುತ್ತಿದ್ದ ಕಾಲದಲ್ಲಿ ಕೆಸರು ದಾಟಿ ಬಂದವರು ಇಲ್ಲಿ ಕಾಲು ತೊಳೆದು ಊರು ಹೊಗುತ್ತಿದ್ದರಂತೆ. ಈಗ ಇಲ್ಲಿ ಜೈನ ಬಸದಿ ಇದೆ, ಕೂಗಳತೆಯಲ್ಲಿ ಮುಂಬಾದೇವಿಯ ಗುಡಿ, ಇನ್ನೊಂದು ಬದಿಗೆ ಮಿನಾರಾ ಮಸೀದಿ. ತಾಮ್ರದ ಪಾತ್ರೆಯ ಅಂಗಡಿ, ಬಟ್ಟೆಯ ಸಗಟು ಪೇಟೆ, ಅತ್ತರಿನ ಅಂಗಡಿ, ರಂಜಾನ್ ತಿಂಗಳಿನಲ್ಲಿ ರಾತ್ರಿಯಿಡೀ ಮಾಲ್ಪುವಾ. 1874ರ ಎರಡೂ ಟ್ರಾಮ್ ದಾರಿಗಳು ಇಲ್ಲಿ ಕೂಡುತ್ತಿದ್ದವು ಎಂಬುದನ್ನು ಮರೆಯಬೇಡಿ. ಕೋಟೆಯ ಸಾಹೇಬರ ಕಚೇರಿಯಿಂದ ಹೊರಟ ಗುಮಾಸ್ತನೂ ಕಾಲಬಾದೇವಿಯ ಬಟ್ಟೆ ವ್ಯಾಪಾರಿಯೂ ಈ ಚೌಕದಲ್ಲಿ ಇಳಿಯಲೇಬೇಕಿತ್ತು. ಹಿಂದೂ, ಮುಸ್ಲಿಂ, ಜೈನ, ಬೋಹ್ರಾ ಎಲ್ಲರ ಬೀದಿಗಳನ್ನೂ ಟ್ರಾಮ್ ನಿಧಾನವಾಗಿ ಹಾದುಹೋಗುತ್ತಿತ್ತು. ಪ್ರಯಾಣಿಕ ಮತ್ತು ಬೀದಿಯವನು ಎದುರುಬದುರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಇದರಿಂದ ಸೌಹಾರ್ದ ತಾನಾಗಿಯೇ ಬಂತೆಂದು ನಾನು ಹೇಳುವುದಿಲ್ಲ. ಪರಿಚಯವಂತೂ ಇತ್ತು.

ಈಗ ತಲೆಯ ಮೇಲಿನ ಸೇತುವೆಗೆ ಬನ್ನಿ. ಜೆ.ಜೆ. ಮೇಲ್ಸೇತುವೆ ಎಂದು ಜನ ಕರೆಯುವ ಇದು 2002ರಲ್ಲಿ ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಕ್ರಾಫರ್ಡ್ ಮಾರ್ಕೆಟ್ ಬಳಿ ಹತ್ತಿದ ಕಾರು ಜೆ.ಜೆ. ಆಸ್ಪತ್ರೆಯ ಬಳಿ ಇಳಿಯುತ್ತದೆ, ಕೆಲವೇ ನಿಮಿಷದಲ್ಲಿ. ಕೆಳಗೆ ಹೋದರೆ ಅರ್ಧ ಗಂಟೆಯಾದರೂ ಬೇಕಾದೀತು. ಹಾಗಾಗಿ ಸೇತುವೆಯನ್ನು ಸುಮ್ಮನೆ ಬಯ್ಯುವುದು ಸುಲಭವಲ್ಲ, ಆಂಬುಲೆನ್ಸಿನಲ್ಲಿ ಮಲಗಿರುವವನಿಗೆ ಅದರ ಬೆಲೆ ಗೊತ್ತು. ಆದರೆ ಆ ಕಾರಿನಲ್ಲಿ ಕುಳಿತವನಿಗೆ ಪಾಯಧುನಿ ಎಂದರೆ ಇಕ್ಕೆಲದ ಮೂರನೆಯ ಮಹಡಿಯ ಕಿಟಕಿ, ಒಣಹಾಕಿದ ಬಟ್ಟೆ, ಇಷ್ಟೆ. ಆ ಕಿಟಕಿಯೊಳಗಿನವರಿಗೆ ಕಾರೆಂದರೆ ಶಬ್ದ ಮತ್ತು ಹೊಗೆ. ನಮ್ಮ ಬೆಂಗಳೂರಿನಲ್ಲಿ ಕೃಷ್ಣರಾಜ ಮಾರುಕಟ್ಟೆಯ ಮೇಲಿನ ಸೇತುವೆಯಲ್ಲಿ ಹೋಗುವವರಿಗೂ ಇದೇ ಅನುಭವ. ಕೆಳಗೆ ಹೂವಿನ ರಾಶಿ ಇದೆಯೆಂಬುದು ಅವರಿಗೆ ವಾಸನೆಯಿಂದಲೂ ತಿಳಿಯುವುದಿಲ್ಲ.

ಇನ್ನು ನೆಲದ ಕೆಳಗೆ. ಕೊಲಾಬಾ ಬಳಿಯ ಕಫ್ ಪರೇಡಿನಿಂದ ಆರೆಯವರೆಗಿನ ಸುರಂಗ ಮೆಟ್ರೊ 2024ರ ಅಕ್ಟೋಬರಿನಲ್ಲಿ ಭಾಗಶಃ ಆರಂಭವಾಗಿ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ತೆರೆಯಿತು. 33.5 ಕಿಲೋಮೀಟರು, 27 ನಿಲ್ದಾಣ. ಅದರ ಪಟ್ಟಿಯಲ್ಲಿ ಹುತಾತ್ಮ ಚೌಕವಿದೆ, ಕಾಲಬಾದೇವಿಯಿದೆ, ಗಿರಗಾಂವ್ ಇದೆ. ಅಂದರೆ ಕುದುರೆ ಟ್ರಾಮಿನ ಎರಡನೆಯ ದಾರಿ ಯಾವ ಪೇಟೆಯನ್ನು ಹಾದಿತ್ತೋ ಅದೇ ಪೇಟೆಗೆ ಒಂದೂವರೆ ಶತಮಾನದ ಮೇಲೆ ಹಳಿ ಮರಳಿ ಬಂದಿದೆ, ನೆಲದಡಿಯಲ್ಲಿ. ಅದಕ್ಕಾಗಿ ಗಿರಗಾಂವ್–ಕಾಲಬಾದೇವಿಯ ಹಳೆಯ ಚಾಳುಗಳು ಕೆಲವು ಉರುಳಿದವು, ಅಲ್ಲಿನ ಸಂಸಾರಗಳು ವರ್ಷಗಟ್ಟಲೆ ಬೇರೆ ಕಡೆ ಬಾಡಿಗೆ ಮನೆಯಲ್ಲಿ ಇರಬೇಕಾಯಿತು. ಮೆಟ್ರೊ ತಂಪಾಗಿದೆ, ಸ್ವಚ್ಛವಾಗಿದೆ, ವೇಗವಾಗಿದೆ. ಕಿಟಕಿಯ ಹೊರಗೆ ಕಾಣುವುದು ಸುರಂಗದ ಗೋಡೆ.

ಒಂದು ಅಂಕಿಯನ್ನು ನಿಮ್ಮ ಮುಂದಿಡುತ್ತೇನೆ. ಮುಂಬಯಿ ಪ್ರದೇಶದ ಓಡಾಟದ ಬಗ್ಗೆ 2008ರಲ್ಲಿ ಮುಗಿದ ಸಮಗ್ರ ಸಾರಿಗೆ ಅಧ್ಯಯನದ ಪ್ರಕಾರ ದಿನನಿತ್ಯದ ಒಟ್ಟು ಪ್ರಯಾಣಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕಾಲ್ನಡಿಗೆಯವು. ರೈಲಲ್ಲ, ಬಸ್ಸಲ್ಲ, ಕಾಲು. ಲೋಕಲ್ ರೈಲಿನ ಊರೆಂದು ನಾವು ಕರೆಯುವ ಮುಂಬಯಿ ನಿಜಕ್ಕೂ ನಡೆಯುವವರ ಊರು. ಆ ಅರ್ಧದಷ್ಟು ಜನರಿಗೆ ಪಾಲಿಗೆ ಬಂದಿರುವುದು ಪಾಯಧುನಿಯಲ್ಲಿ ನೀವು ಕಾಣುವಂಥ ಪಾದಚಾರಿ ಮಾರ್ಗ: ಅರ್ಧ ಅಂಗಡಿಯ ಸಾಮಾನಿಗೆ, ಉಳಿದರ್ಧ ನಿಂತ ಸ್ಕೂಟರಿಗೆ. ಹಣ ಮಾತ್ರ ಸೇತುವೆಗೆ ಮೇಲೆ, ಸುರಂಗಕ್ಕೆ ಕೆಳಗೆ ಹೋಗುತ್ತದೆ. ರಸ್ತೆಯ ಮಟ್ಟಕ್ಕೆ ಬರುವುದು ಏನಾದರೂ ಉಳಿದರೆ.

ಭೇಂಡಿ ಬಜಾರ್ ದಾಟಿ ಭಾಯಖಳಾ ಕಡೆಗೆ ನಡೆಯಿರಿ. ಇಂಗ್ಲಿಷಿನಲ್ಲಿ ಬೈಕುಲಾ. ಇಲ್ಲಿ ಖಡಾ ಪಾರ್ಸಿ ಎಂಬ ಎತ್ತರದ ಕಂಬದ ಮೇಲಿನ ಪ್ರತಿಮೆಯಿದೆ. ಪಾರ್ಸಿ ಮಹನೀಯರೊಬ್ಬರು ನಿಂತಿರುವ ಭಂಗಿಯಾದ್ದರಿಂದ ಆ ಹೆಸರು. ಟ್ರಾಮಿನವರಿಗೆ ಅದು ದೂರದಿಂದಲೇ ಕಾಣುವ ಗುರುತಾಗಿತ್ತು. ಈಗ ಅದು ಎರಡು ಮೇಲ್ಸೇತುವೆಗಳ ನಡುವೆ ಸಿಕ್ಕಿಕೊಂಡಿದೆ. ಅದನ್ನು ಸಮನಾಗಿ ನೋಡಬೇಕಾದರೆ ಸೇತುವೆಯ ಮೇಲೆ ಹೋಗಬೇಕು, ಅಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ಹತ್ತಿರದ ಬೈಕುಲಾ ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ಮಾತ್ರ ಚೆನ್ನಾಗಿ ಜೀರ್ಣೋದ್ಧಾರ ಮಾಡಿದ್ದಾರೆ. 2022ರಲ್ಲಿ ಅದಕ್ಕೆ ಯುನೆಸ್ಕೊದ ಏಷ್ಯಾ–ಪೆಸಿಫಿಕ್ ಪ್ರಶಸ್ತಿಯೂ ಬಂತು. ರಾಣಿಬಾಗಿನ ಮರಗಳ ನೆರಳಿನಲ್ಲಿ ಅರ್ಧ ಗಂಟೆ ಕೂರಲು ಅಡ್ಡಿಯಿಲ್ಲ, ಮುಂದಿನ ದಾರಿಯಲ್ಲಿ ನೆರಳು ಕಡಿಮೆ.

ಮುಂದಿನದು ಲಾಲ್‌ಬಾಗ್, ಪರೇಲ್. ಮರಾಠಿಯಲ್ಲಿ ಗಿರಣಗಾಂವ್, ಎಂದರೆ ಗಿರಣಿಗಳ ಊರು. ಬಟ್ಟೆ ಗಿರಣಿಯ ಕೆಲಸಗಾರ ಗಿರಣಿಗೆ ನಡೆದು ಹೋಗುವಷ್ಟು ದೂರದಲ್ಲಿ ವಾಸಿಸಬೇಕಿತ್ತು. ಚಾಳುಗಳು ಗಿರಣಿಯ ಗೋಡೆಗೆ ಅಂಟಿಕೊಂಡಿರುವುದು ಅದಕ್ಕೇ. ಪಾಳಿಯ ಸೀಟಿ ಕೂಗಿದರೆ ಇಡೀ ಬೀದಿ ಎದ್ದು ಹೊರಡುತ್ತಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಬಹುಪಾಲು ಗಿರಣಿಗಳು ಮತ್ತೆ ಮೊದಲಿನಂತೆ ನಡೆಯಲೇ ಇಲ್ಲ. ಗಿರಣಿಯ ಜಾಗದಲ್ಲಿ ಗಾಜಿನ ಕಚೇರಿಗಳು, ಮಾಲುಗಳು ಬಂದವು. ಇದೆಲ್ಲ ನಿಮಗೆ ಗೊತ್ತಿರುವ ಕಥೆ. ಅದರ ಸಾರಿಗೆಯ ಮುಖ ಅಷ್ಟಾಗಿ ಗೊತ್ತಿಲ್ಲದ್ದು. ಅದನ್ನು ನೋಡಲು ಟ್ರಾಮ್ ದಾರಿಯಿಂದ ಸ್ವಲ್ಪ ಪಶ್ಚಿಮಕ್ಕೆ ತಿರುಗಿ ಪರೇಲ್ ರೈಲು ನಿಲ್ದಾಣಕ್ಕೆ ಹೋಗಬೇಕು.

ಮುಂಬಯಿಗೆ ರೈಲು ತಂದವು ಎರಡು ಬೇರೆ ಬೇರೆ ಕಂಪನಿಗಳು. ಒಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ, ಇಂದಿನ ಮಧ್ಯ ರೈಲ್ವೆ. ಇನ್ನೊಂದು ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ, ಇಂದಿನ ಪಶ್ಚಿಮ ರೈಲ್ವೆ. ಇಕ್ಕಟ್ಟಾದ ಆ ದ್ವೀಪದಲ್ಲಿ ಎರಡೂ ಹಳಿಗಳು ಕೆಲವೆಡೆ ಪಕ್ಕಪಕ್ಕದಲ್ಲೇ ಓಡುತ್ತವೆ. ಆದರೂ ಪ್ರತಿ ಕಂಪನಿ ತನ್ನ ತನ್ನ ನಿಲ್ದಾಣ ಕಟ್ಟಿತು. ದಾದರಿನಲ್ಲಿ ಒಂದೇ ಹೆಸರಿನ ಎರಡು ನಿಲ್ದಾಣ, ಎರಡಕ್ಕೂ ಒಂದರಿಂದ ಶುರುವಾಗುವ ಪ್ಲಾಟ್‌ಫಾರ್ಮ್ ಸಂಖ್ಯೆ. ಗಂಟುಮೂಟೆ ಹೊತ್ತು ಬಂದವರು ‘ಒಂದನೆಯ ಪ್ಲಾಟ್‌ಫಾರ್ಮ್’ ಹುಡುಕಿ ತಪ್ಪು ನಿಲ್ದಾಣಕ್ಕೆ ಹೋಗುವುದು ದಿನದ ಮಾತಾಗಿತ್ತು. 2023ರ ಡಿಸೆಂಬರಿನಲ್ಲಿ ಸಂಖ್ಯೆಗಳನ್ನು ಸಾಲಾಗಿ ಮಾಡಿದರು. ಕಂಪನಿಗಳು ಸರ್ಕಾರದ ಕೈಗೆ ಬಂದು ಎಷ್ಟು ದಶಕಗಳಾದವು ಎಂಬುದನ್ನು ನೀವೇ ಲೆಕ್ಕ ಹಾಕಿ.

ಪರೇಲಿನಲ್ಲೂ ಹಾಗೆಯೇ. ಮಧ್ಯ ರೈಲ್ವೆಯದು ಪರೇಲ್, ಪಶ್ಚಿಮದ್ದು ಎಲ್ಫಿನ್‌ಸ್ಟನ್ ರೋಡ್. ನಡುವೆ ಒಂದು ಕಿರಿದಾದ ಕಾಲುಸೇತುವೆ. ಗಿರಣಿಯ ಕಾಲದಲ್ಲಿ ಕೆಲಸಗಾರ ಅಲ್ಲೇ ವಾಸಿಸುತ್ತಿದ್ದ, ಅವನಿಗೆ ಆ ಸೇತುವೆಯ ಅಗತ್ಯ ಅಷ್ಟಿರಲಿಲ್ಲ. ಗಿರಣಿ ಹೋಗಿ ಕಚೇರಿ ಬಂದ ಮೇಲೆ ಠಾಣೆ, ಕಲ್ಯಾಣ, ವಿರಾರದಿಂದ ಸಾವಿರಾರು ನೌಕರರು ಬೆಳಿಗ್ಗೆ ಅಲ್ಲಿ ಇಳಿಯತೊಡಗಿದರು, ಒಂದು ಹಳಿಯಿಂದ ಇನ್ನೊಂದಕ್ಕೆ ದಾಟತೊಡಗಿದರು. ಜನರ ಹರಿವು ಪೂರ್ತಿ ಬದಲಾಯಿತು. ಕಟ್ಟಡದ ನಕಾಶೆ ಮಂಜೂರು ಮಾಡಿದವರು, ಅಲ್ಲಿಗೆ ಬರುವವರು ಯಾವ ಮೆಟ್ಟಿಲು ಇಳಿಯುತ್ತಾರೆಂದು ಯೋಚಿಸಲಿಲ್ಲ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆ ಬಂತು. ಮಳೆಗೆ ಸೇತುವೆಯ ಮೇಲೆ ನಿಂತವರು, ರೈಲಿಳಿದು ಹತ್ತಿ ಬಂದವರು ಸೇರಿ ನೂಕುನುಗ್ಗಲಾಯಿತು. 23 ಜನ ಸತ್ತರು. ಮರುದಿನದ ಪತ್ರಿಕೆಗಳಲ್ಲಿ ವದಂತಿ, ಮಳೆ, ಜನದಟ್ಟಣೆ ಎಂದೆಲ್ಲ ಕಾರಣ ಬಂದವು. ಅವು ಸುಳ್ಳಲ್ಲ. ಆದರೆ ಪ್ರತಿಸ್ಪರ್ಧಿ ಕಂಪನಿಗಳು ಕಟ್ಟಿದ ಜೋಡಿ ನಿಲ್ದಾಣ ಮತ್ತು ಮುಚ್ಚಿದ ಗಿರಣಿಗಳು, ಈ ಎರಡೂ ಆ ಸೇತುವೆಯ ಮೇಲೆ ಬಂದು ಸೇರಿದ್ದವು. ತರುವಾಯ ಸೈನ್ಯದವರು ಬಂದು ಹೊಸ ಕಾಲುಸೇತುವೆ ಕಟ್ಟಿದರು. 2018ರ ಫೆಬ್ರುವರಿಯಲ್ಲಿ ಅದು ತೆರೆಯಿತು, ಕೆಲವೇ ತಿಂಗಳ ಕೆಲಸ. ಅದೇ ವರ್ಷ ಎಲ್ಫಿನ್‌ಸ್ಟನ್ ರೋಡಿಗೆ ಪ್ರಭಾದೇವಿ ಎಂಬ ಹೆಸರಾಯಿತು. ಆ ಮೆಟ್ಟಿಲುಗಳನ್ನು ಒಮ್ಮೆ ಹತ್ತಿ ಇಳಿಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಡೆದು ನೋಡದೆ ನಗರ ಯೋಜನೆ ಮಾಡಿದರೆ ಏನಾಗುತ್ತದೆಂಬುದು ಪುಸ್ತಕದಲ್ಲಿ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ.

ಮತ್ತೆ ಪೂರ್ವಕ್ಕೆ ಬಂದು ಅಂಬೇಡ್ಕರ್ ರಸ್ತೆ ಹಿಡಿದರೆ ಪರೇಲ್ ಟಿ.ಟಿ., ಆಮೇಲೆ ದಾದರ್ ಟಿ.ಟಿ. ಇಲ್ಲಿಂದ ಊರಿನ ಚಹರೆಯೇ ಬೇರೆ. ಓಣಿಗಳು ನೇರ, ಮನೆಗಳ ನಡುವೆ ಜಾಗ, ಮರ, ಉದ್ಯಾನ. ಪ್ಲೇಗಿನ ನಂತರ ಹುಟ್ಟಿದ ಟ್ರಸ್ಟಿನ ಎರಡನೆಯ ಕೆಲಸ ಇದೇ. ಹಿಂದೂ ಕಾಲನಿ, ಪಾರ್ಸಿ ಕಾಲನಿ, ಐದು ಉದ್ಯಾನಗಳ ಸುತ್ತಲಿನ ಬಡಾವಣೆ, ಮುಂದೆ ಮಾಟುಂಗಾ. ಕೋಟೆಯ ಕಚೇರಿಯಲ್ಲಿ ಕೆಲಸ, ಇಷ್ಟು ದೂರದಲ್ಲಿ ಮನೆ. ನಡುವೆ ಅಗ್ಗದ ಗಾಡಿಯೊಂದು ಇಲ್ಲದಿದ್ದರೆ ಮಧ್ಯಮ ವರ್ಗದ ಗುಮಾಸ್ತ ಇಲ್ಲಿ ಬಾಡಿಗೆ ಹಿಡಿಯುವ ಮಾತೇ ಇರಲಿಲ್ಲ. ಟ್ರಾಮಿನ ಕೊನೆ ಎಲ್ಲಿಗೋ ಅಲ್ಲಿಗೆ ಅವನ ಸಂಸಾರ.

ಆ ಗುಮಾಸ್ತರಲ್ಲಿ ಟೈಪಿಂಗ್, ಶೀಘ್ರಲಿಪಿ ಕಲಿತು ದಕ್ಷಿಣದಿಂದ ಹೋದವರು ಬಹಳ. ಮಾಟುಂಗಾ ದಕ್ಷಿಣ ಭಾರತೀಯರ ಬಡಾವಣೆಯೆಂದು ಹೆಸರಾದದ್ದು ಹೀಗೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ಕಟ್ಟಡ ಇಲ್ಲಿದೆ. ರೈಲುಹಳಿಯ ಆಚೆ ಕರ್ನಾಟಕ ಸಂಘ, ವಿಶ್ವೇಶ್ವರಯ್ಯನವರ ಹೆಸರಿನ ಸಭಾಂಗಣ. ಗುಮಾಸ್ತ ಬಂದ ಮೇಲೆ ಅವನಿಗೆ ಅನ್ನ ಬೇಕಲ್ಲ? ಉಡುಪಿ ಕಡೆಯವರ ಊಟದ ಮನೆಗಳು ಹಿಂದೆಯೇ ಬಂದವು. ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮಾಟುಂಗಾ ನಿಲ್ದಾಣದ ಬಳಿ ಇಂದಿಗೂ ಎಲೆ ಹಾಕುತ್ತಿದೆ. ಹೋಟೆಲಿನಲ್ಲಿ ಹಗಲು ದುಡಿದ ಹುಡುಗರು ರಾತ್ರಿ ಓದಲೆಂದು ಕನ್ನಡಿಗರು ನಡೆಸಿದ ರಾತ್ರಿ ಶಾಲೆಗಳು ನಗರದ ಬೇರೆ ಬೇರೆ ಕಡೆ ಇದ್ದವು. ಅವುಗಳಲ್ಲಿ ಮೊಗವೀರ ಸಮಾಜದವರದು 1908ರಷ್ಟು ಹಳೆಯದು. ಈ ಶಾಲೆಗಳ ಚರಿತ್ರೆಯೇ ಒಂದು ಪ್ರತ್ಯೇಕ ಭಾಷಣಕ್ಕೆ ಸಾಕು.

ಹಾಗಾದರೆ ಟ್ರಾಮನ್ನು ಏಕೆ ತೆಗೆದರು? ನಿಧಾನ ಎಂದರು, ರಸ್ತೆಗೆ ಅಡ್ಡ ಎಂದರು. ಮೋಟಾರುಗಳು ಹೆಚ್ಚಿದ್ದವು, ಹಳಿ ಹಳತಾಗಿತ್ತು, ಬಸ್ಸಿಗೆ ಹಳಿ ಬೇಡ. ಒಂದೊಂದೇ ದಾರಿಯನ್ನು ಮುಚ್ಚುತ್ತ ಬಂದು 1964ಕ್ಕೆ ಮುಗಿಸಿದರು. ಮೇಲಿನ ತಂತಿಯಿಂದ ವಿದ್ಯುತ್ ಪಡೆದು ಓಡುವ ಟ್ರಾಲಿ ಬಸ್ಸನ್ನೂ 1962ರಿಂದ 1971ರವರೆಗೆ ಪ್ರಯೋಗಿಸಿ ಬಿಟ್ಟರು. ಆ ಕಾಲದ ಲೆಕ್ಕದಲ್ಲಿ ಈ ವಾದ ತಪ್ಪೆಂದು ಸುಲಭವಾಗಿ ಹೇಳಲಾರೆ. ಆದರೆ ಅಡ್ಡ ಎಂದು ಟ್ರಾಮನ್ನು ತೆಗೆದು ಮಾಡಿದ ಜಾಗವನ್ನು ತುಂಬಿದ್ದು ಬಸ್ಸಲ್ಲ, ಕಾರು. ಇಂದು ಬಸ್ಸೇ ಅಡ್ಡ ಎನ್ನುವವರಿದ್ದಾರೆ. ನಾಲ್ಕು ಸಾವಿರಕ್ಕೂ ಹೆಚ್ಚು ಸ್ವಂತ ಬಸ್ಸುಗಳಿದ್ದ ಬೆಸ್ಟ್ ಸಂಸ್ಥೆ ಈಗ ಬಹುಮಟ್ಟಿಗೆ ಗುತ್ತಿಗೆಯ ಬಸ್ಸುಗಳನ್ನು ನೆಚ್ಚಿದೆ. ಹಳೆಯ ಬಗೆಯ ಎರಡಂತಸ್ತಿನ ಕೆಂಪು ಬಸ್ಸಿನ ಕೊನೆಯ ಓಟ 2023ರ ಸೆಪ್ಟೆಂಬರ್ 15ರಂದು ನಡೆಯಿತು. ಆ ದಿನವೂ ಜನ ಹೂಮಾಲೆ ತಂದಿದ್ದರು, ಫೋಟೊ ತೆಗೆದರು. ಐದು ರೂಪಾಯಿ ಇದ್ದ ಕನಿಷ್ಠ ದರ 2025ರಲ್ಲಿ ಹತ್ತು ರೂಪಾಯಿಯಾಯಿತು. ಜಾರಿಗೆ ಬಂದ ದಿನ ಮೇ 9. ಮೊದಲ ಕುದುರೆ ಟ್ರಾಮ್ ಹೊರಟ ತಾರೀಖು ಅದೇ ಎಂಬುದು ಆದೇಶ ಹೊರಡಿಸಿದವರ ಗಮನಕ್ಕೆ ಬಂದಿರಲಾರದು.

ಈ ದಾರಿಯಲ್ಲಿ ನಡೆಯಬೇಕೆನ್ನುವವರಿಗೆ ಒಂದೆರಡು ಸೂಚನೆ. ಡಿಸೆಂಬರ್, ಜನವರಿ ಒಳ್ಳೆಯದು. ಭಾನುವಾರ ಬೆಳಿಗ್ಗೆ ಆರೂವರೆಗೆ ಕೊಲಾಬಾ ಬಿಟ್ಟರೆ ಕೋಟೆಯ ಭಾಗ ಖಾಲಿ ಸಿಗುತ್ತದೆ, ಕಟ್ಟಡಗಳನ್ನು ರಸ್ತೆಯ ನಡುವೆ ನಿಂತೇ ನೋಡಬಹುದು. ಆದರೆ ಪಾಯಧುನಿಯನ್ನು ಭಾನುವಾರ ನೋಡಿದರೆ ಪ್ರಯೋಜನವಿಲ್ಲ, ಅದಕ್ಕೆ ವಾರದ ದಿನವೇ ಆಗಬೇಕು. ಕ್ಯಾಮೆರಾ ಹೊರತೆಗೆಯುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ, ಬೇಡವೆನ್ನುವವರು ಕಡಿಮೆ. ಮಾಟುಂಗಾ ತಲುಪುವುದು ಊಟದ ಹೊತ್ತಿಗಿರಲಿ. ಹಿಂದಿರುಗಲು ದಾದರ್ ಟಿ.ಟಿ.ಯಲ್ಲಿ ದಕ್ಷಿಣಕ್ಕೆ ಹೋಗುವ ಬಸ್ಸು ಸಿಗುತ್ತದೆ. ಮೇಲ್ಸೇತುವೆ ಹತ್ತದೆ ಮೊಹಮ್ಮದ್ ಅಲಿ ರಸ್ತೆಯ ನಿಲ್ದಾಣಗಳಲ್ಲಿ ನಿಲ್ಲುವ ಬಸ್ಸು ಯಾವುದೆಂದು ಕೇಳಿ, ಅದನ್ನೇ ಹತ್ತಿ. ಸ್ವಲ್ಪ ತಡವಾಗುತ್ತದೆ. ಎಡಬದಿಯ ಕಿಟಕಿ ಸಿಕ್ಕರೆ ಬಿಡಬೇಡಿ.